ಥ್ಯಾನೋಸ್ ಕನ್ನಡ ಮಾತಾಡಿದ್ರೆ ನಿಂಗ್ಯಾಕಪ್ಪ ನಾಚಿಕೆ?

1/8

ಕಳೆದ ವಾರದ ರೀಲ್ ನೋಡಿದ್ರಲ್ಲ? ಹಾರುವ ತಟ್ಟೆ ಬಂದು ತೆಂಗಿನ ತೋಟಕ್ಕೆ ಇಳಿಯುತ್ತೆ. ಹಸಿರು ಮೈಯ ಏಲಿಯನ್ ಕೆಳಗಿಳಿದು, "ಭೂಲೋಕದ ಮಾನವನೇ, ನನ್ನನ್ನು ನಿಮ್ಮ ನಾಯಕನ ಬಳಿಗೆ ಕರೆದೊಯ್ಯಿ" ಅಂತ ಗಂಭೀರವಾಗಿ ಹೇಳ್ತಾನೆ. ಕಾಯಿ ಕೀಳ್ತಿದ್ದ ಅಣ್ಣ ದೋಟಿ ಕೆಳಗಿಟ್ಟು, "ಯಾವ ಪಾರ್ಟೀವ್ನು ಬೇಕಣ್ಣ?" ಅಂತ ಕೇಳ್ತಾನೆ. ಅಷ್ಟೇ. ಹದಿನೆಂಟು ಸೆಕೆಂಡ್.

ನಕ್ಕೋರಿಗೆಲ್ಲ ಥ್ಯಾಂಕ್ಸ್. ಈ ಸರಣಿ ನಗದೇ ಇದ್ದೋರಿಗೆ. "ಐಡಿಯಾ ಸಖತ್ತಾಗಿದೆ ಬ್ರೋ, ಆದ್ರೆ ಕನ್ನಡದಲ್ಲಿ ಸೈ-ಫೈ ಕ್ರಿಂಜ್, ಇಂಗ್ಲಿಷಲ್ಲಿ ಮಾಡು" ಅಂತ ಒಬ್ಬ. "ಕನ್ನಡದಲ್ಲಿ ಮಾಡಿದ್ರೆ ಕಾಮಿಡಿ ಆಗ್ಬಿಡುತ್ತೆ" ಅಂತ ಇನ್ನೊಬ್ಬ. ಲೋ, ಅದು ಕಾಮಿಡಿನೇ ಕಣೋ!

ಬೈದ್ರೆ ಬೈಲಿ ಅಂತ ಬಿಟ್ಬಿಡಬಹುದಿತ್ತು. ಆದ್ರೆ ಈ 'ಕ್ರಿಂಜ್' ಅನ್ನೋ ಪದ ಎಲ್ಲೆಲ್ಲೂ ಕೇಳ್ತಿದೆ. ಸ್ಪೈಡರ್‌ಮ್ಯಾನ್ ಕನ್ನಡ ಮಾತಾಡಿದ್ರೆ ಕ್ರಿಂಜ್, ಅನಿಮೆ ಕನ್ನಡಕ್ಕೆ ಬಂದ್ರೆ ಕ್ರಿಂಜ್, ರೋಬೋ ಬಾಯಲ್ಲಿ 'ಐತೆ' ಬಂದ್ರೆ ಕ್ರಿಂಜ್. ಅದೇ ರೋಬೋ ಹಿಂದೀಲಿ 'ಅಬೇ ಯಾರ್' ಅಂದ್ರೆ ನಿಮಗೆ ಮಾಸ್. ಈ ಮುಜುಗರ ಎಲ್ಲಿಂದ ಬಂತು ಅಂತ ನೋಡೋಣ. ಎಂಟು ಪೋಸ್ಟ್ ಆಗುತ್ತೆ. ಓದೋಕೆ ಟೈಮ್ ಇಲ್ಲದೋರು ಏಲಿಯನ್ ಅಣ್ಣನ ಫೋಟೋಗೆ ಲೈಕ್ ಒತ್ತಿ ಮುಂದೆ ಹೋಗಿ, ಬೇಜಾರಿಲ್ಲ.

2/8

2019ರಲ್ಲಿ ಬಂದ 'ದಿ ಲಯನ್ ಕಿಂಗ್' ತಗೊಳ್ಳಿ. ಅದರ ಗ್ರಾಫಿಕ್ಸ್ ಮಾಡಿದ್ದು ಎಂಪಿಸಿ ಅನ್ನೋ ಕಂಪನಿ. ಆ ಕಂಪನಿಯ ಬೆಂಗಳೂರು ಸ್ಟುಡಿಯೋದವರೂ ಆ ಸಿನಿಮಾಕ್ಕೆ ಕೆಲಸ ಮಾಡಿದ್ದಾರೆ. ಬೆಂಗಳೂರಲ್ಲಿ ಕೂತು ಜನ ದುಡಿದ ಸಿಂಹ ನಮ್ಮ ದೇಶದ ಥಿಯೇಟರುಗಳಲ್ಲಿ ಯಾವ್ಯಾವ ಭಾಷೆ ಮಾತಾಡ್ತು ಗೊತ್ತಾ? ಇಂಗ್ಲಿಷ್, ಹಿಂದಿ, ತಮಿಳು, ತೆಲುಗು. ಅದೇ ವರ್ಷ 'ಅವೆಂಜರ್ಸ್: ಎಂಡ್‌ಗೇಮ್' ಬಂತು. ಅದೂ ಅವೇ ನಾಲ್ಕು. 2025ರಲ್ಲಿ ನೀವೆಲ್ಲ ಸ್ಟೋರಿ ಮೇಲೆ ಸ್ಟೋರಿ ಹಾಕಿದ 'ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್'? ಜಪಾನೀಸ್, ಇಂಗ್ಲಿಷ್, ಹಿಂದಿ, ತಮಿಳು, ತೆಲುಗು.

ಅನಿಮೇಷನ್‌ಗೆ ಅಂತಲೇ ದೇಶದಲ್ಲಿ ಮೊದಲು ಪಾಲಿಸಿ ಮಾಡಿದ ರಾಜ್ಯ ನಮ್ಮದು, 2012ರಲ್ಲಿ. ಕೆಲಸಕ್ಕೆ ನಾವು ಬೇಕು, ಮಾತಿಗೆ ಬೇಡ.

ಇದು ಬರೀ ಹೊರಗಿನವರ ತಪ್ಪಲ್ಲ. 1960ರ ದಶಕದಲ್ಲಿ ಅನಕೃ ಅಂಥವರು ಮುಂದೆ ನಿಂತು ಡಬ್ಬಿಂಗ್ ಬೇಡ ಅಂತ ಹೋರಾಡಿದ್ರು. ಆಗ ಅದಕ್ಕೆ ಅರ್ಥ ಇತ್ತು. ಬೆಂಗಳೂರಲ್ಲೇ ಕನ್ನಡ ಸಿನಿಮಾಗೆ ಥಿಯೇಟರ್ ಸಿಗ್ತಿರಲಿಲ್ಲ, ನಮ್ಮ ಕಲಾವಿದರಿಗೆ ಕೆಲಸ ಇರಲಿಲ್ಲ. ನಾನು ಅವತ್ತು ಇದ್ದಿದ್ರೆ ನಾನೂ ಬಾವುಟ ಹಿಡೀತಿದ್ದೆ. ಆದ್ರೆ ಕಾರಣ ಮುಗಿದ ಮೇಲೂ ತಡೆ ಮುಗೀಲಿಲ್ಲ. ಕಾನೂನೇ ಇಲ್ಲದ ನಿಷೇಧ ಹತ್ತಿರ ಹತ್ತಿರ ಐವತ್ತು ವರ್ಷ ನಡೀತು. ಕನ್ನಡ ಗ್ರಾಹಕರ ಕೂಟದವರು ದೂರು ಕೊಟ್ಟು, 2015ರ ಜುಲೈನಲ್ಲಿ ಕಾಂಪಿಟಿಷನ್ ಕಮಿಷನ್ ದಂಡ ಹಾಕಿದ ಮೇಲೆ ಬಾಗಿಲು ಸ್ವಲ್ಪ ಸಡಿಲ ಆಯ್ತು. 2017ರ ಮಾರ್ಚಲ್ಲಿ 'ಸತ್ಯದೇವ್ ಐಪಿಎಸ್' ಬಂತು.

ಡಬ್ಬಿಂಗ್ ಬಂದ್ರೆ ಇಂಡಸ್ಟ್ರಿ ಸತ್ತೋಗುತ್ತೆ ಅಂದಿದ್ರಲ್ಲ? 2018ರಲ್ಲಿ ಕೆಜಿಎಫ್, 2022ರಲ್ಲಿ ಕಾಂತಾರ. ಎರಡೂ ಬೇರೆ ಭಾಷೆಗೆ ಡಬ್ ಆಗೇ ದೇಶ ಸುತ್ತಿದ್ವು. ನಮ್ಮ ಸಿನಿಮಾ ಹಿಂದೀಲಿ ಮಾತಾಡಿದ್ರೆ ಹೆಮ್ಮೆ, ಅವರದ್ದು ಕನ್ನಡದಲ್ಲಿ ಮಾತಾಡಿದ್ರೆ ಅವಮಾನ. ಇದ್ಯಾವ ನ್ಯಾಯ ಸ್ವಾಮಿ?

3/8

"ಬ್ರೋ, ಒರಿಜಿನಲ್ ವಾಯ್ಸ್ ಕೇಳಿ ಸಬ್‌ಟೈಟಲ್ ಓದೋದೇ ಬೆಸ್ಟ್." ನಿನಗೆ ಬೆಸ್ಟು. ನೀನು ಪಿಯುಸಿ ಸೈನ್ಸ್, ಇಂಗ್ಲಿಷ್ ಮೀಡಿಯಂ. ನಿನ್ನ ಕಣ್ಣು ಓಡುತ್ತೆ.

ನನ್ನ ಅತ್ತೆ ಮಗ ಒಬ್ಬ ಇದ್ದಾನೆ, ತುರುವೇಕೆರೆ ಹತ್ತಿರ ಹಳ್ಳಿ, ಎರಡನೇ ಕ್ಲಾಸು, ಕನ್ನಡ ಮೀಡಿಯಂ. ಸ್ಕೂಲಿಂದ ಬಂದವನೇ ಅವರಮ್ಮನ ಮೊಬೈಲ್ ಹಿಡಿದು ಕೂರ್ತಾನೆ. ಹಿಂದಿ ಕಾರ್ಟೂನು. ಕರು ಹಗ್ಗ ಹಿಡಿದು 'ಚಲೋ ಚಲೋ' ಅಂತಾನೆ, ಕರು ಅಲ್ಲಾಡಲ್ಲ, ಪಾಪ ಅದಕ್ಕೂ ಹಿಂದಿ ಬರಲ್ಲ. ಮನೆಯವರೆಲ್ಲ ಇದನ್ನ ಹೇಳ್ಕೊಂಡು ನಗ್ತಾರೆ. ನಾನೂ ನಕ್ಕಿದೀನಿ. ಆದ್ರೆ ಒಂದಿನ ಪಕ್ಕದಲ್ಲಿ ಕೂತು ನೋಡ್ದೆ. ಕಾರ್ಟೂನಲ್ಲಿ ಎಲ್ಲರೂ ಹೊಟ್ಟೆ ಹಿಡ್ಕೊಂಡು ನಕ್ಕಾಗ ಇವನೂ ನಗ್ತಾನೆ. "ಏನಂದ್ನೋ ಅವನು?" ಅಂದೆ. "ಗೊತ್ತಿಲ್ಲಣ್ಣ" ಅಂದ. ಅರ್ಥ ಆಗದ ಜೋಕಿಗೆ ಏಳು ವರ್ಷದ ಹುಡುಗ ದಿನಕ್ಕೆರಡು ಗಂಟೆ ನಗ್ತಾನೆ. ಇಷ್ಟುದ್ದ ಬರೆಯೋಕೆ ನಂಗೆ ಇದೊಂದು ಕಾರಣ ಸಾಕು.

ನಮಗೆ ಹಾಗಾಗಲಿಲ್ಲ ಅನ್ನೋದು ನೆನಪಿರಲಿ. 2009ರಲ್ಲಿ ಚಿಂಟು ಟಿವಿ ಶುರುವಾಯ್ತು. ಸಿನಿಮಾ ಡಬ್ಬಿಂಗ್‌ಗೆ ಇನ್ನೂ ತಡೆ ಇದ್ದ ಕಾಲದಲ್ಲೇ ಕಾರ್ಟೂನು ಕನ್ನಡ ಮಾತಾಡ್ತಿತ್ತು. ಡೋರಾ ಕನ್ನಡದಲ್ಲಿ ದಾರಿ ಕೇಳಿದ್ರೆ ನಮ್ಮಜ್ಜಿ ಬತ್ತಿ ಹೊಸೀತಾ ಹೊಸೀತಾ "ಅಲ್ಲೇ ಹಿಂದ್ಗಡೆ ಐತಲ್ಲವ್ವ, ಕಣ್ ಕಾಣಕಿಲ್ವ" ಅಂತ ಟಿವಿಗೇ ಉತ್ತರ ಕೊಡ್ತಿದ್ರು. ಆಗ ಯಾರಾದ್ರೂ ಕ್ರಿಂಜ್ ಅಂದ್ರಾ? ಆ ಪದನೇ ಗೊತ್ತಿರಲಿಲ್ಲ, ಕಾರ್ಟೂನು ಮಾತ್ರ ಗೊತ್ತಿತ್ತು. ಈಗಲೂ ಕನ್ನಡ ಆಡಿಯೋ ಇರೋ ಕಾರ್ಟೂನು ಇವೆ. ಸೆಟ್ಟಿಂಗ್ಸ್ ಒಳಗೆ ಹೋಗಿ ಹುಡುಕ್ಬೇಕು. ಎರಡನೇ ಕ್ಲಾಸ್ ಹುಡುಗ ಹುಡುಕ್ತಾನಾ?

4/8

ಸ್ಲೈಡ್‌ನಲ್ಲಿರೋ ಫೋಟೋ ನಮ್ಮ ಅಟ್ಟದ್ದು. ಕೊಬ್ಬರಿಗೆ ಅಂತ ಕಾಯಿ ಹಾಕೋಕೆ ಜಾಗ ಮಾಡುವಾಗ ಚಿಕ್ಕಪ್ಪನ 'ಬಾಲಮಂಗಳ' ಕಟ್ಟು ಸಿಕ್ತು. ಡಿಂಗನ ಪುಟಗಳನ್ನೇ ಇಲಿ ಕಡಿದಿದೆ. ಡಿಂಗ ಕೂಡ ಇಲಿನೇ ಅಲ್ವಾ, ಮನೆಯವರೇ ತಿಂದಂಗಾಯ್ತು.

ಗೊತ್ತಿಲ್ಲದೋರಿಗೆ: ಡಿಂಗ ಕಾಡಿನ ಸೂಪರ್‌ಹೀರೋ ಇಲಿ. ಮೂಲ ಮಲಯಾಳಂನ 'ಬಾಲಮಂಗಳಂ', ಅಲ್ಲಿ ಅವನ ಹೆಸರು ಡಿಂಕನ್, ಹುಟ್ಟಿದ್ದು 1983ರಲ್ಲಿ. ಬೇರೆ ಗ್ರಹದವರು ಈ ಇಲಿಯನ್ನ ಹಿಡ್ಕೊಂಡು ಹೋಗಿ ಪ್ರಯೋಗ ಮಾಡ್ತಾರೆ, ಅದರಿಂದ ಶಕ್ತಿ ಬರುತ್ತೆ. ಸೂಪರ್‌ಮ್ಯಾನ್ ಬೇರೆ ಗ್ರಹದಿಂದ ಭೂಮಿಗೆ ಬಂದ. ಡಿಂಗ ಭೂಮಿಯಿಂದ ಬೇರೆ ಗ್ರಹಕ್ಕೆ ಹೋಗಿ ವಾಪಸ್ ಬಂದ. ಉಲ್ಟಾ ಮಾಡಿ ಚಡ್ಡಿ ಹಾಕಿದ್ದಾರೆ ಅಷ್ಟೇ. ಇದಕ್ಕಿಂತ ಅಚ್ಚುಕಟ್ಟಾದ ಸೈ-ಫೈ ಅಣಕ ಎಲ್ಲಿದೆ ತೋರಿಸಿ! ನಮ್ಮ ಅಣ್ಣಂದಿರು, ಚಿಕ್ಕಪ್ಪಂದಿರು ಅದನ್ನ ಕನ್ನಡದಲ್ಲೇ ಓದಿ ಬೆಳೆದ್ರು. ಕೇರಳದವರು ದೊಡ್ಡವರಾದ ಮೇಲೂ ಬಿಡಲಿಲ್ಲ, ಡಿಂಕನೇ ದೇವರು ಅಂತ 'ಡಿಂಕೋಯಿಸಂ' ಅನ್ನೋ ಅಣಕು ಧರ್ಮವನ್ನೇ ಕಟ್ಟಿ ನಗಾಡಿದ್ರು. ಅದೇ ಇಲಿ ನಮ್ಮ ಕೈಲೂ ಇತ್ತು. ನಾವು ಅಟ್ಟಕ್ಕೆ ಹಾಕಿದ್ವಿ.

ಇನ್ನೊಂದು ವಿಷಯ ಕ್ಲಾಸಲ್ಲಿ ಹೇಳಿದ್ರೆ ಯಾರೂ ನಂಬಲ್ಲ. 'ಅಮರ ಚಿತ್ರ ಕಥೆ' ಎಲ್ಲರಿಗೂ ಗೊತ್ತು, ಅನಂತ ಪೈ ಹೆಸರೂ ಗೊತ್ತು. ಅದರ ಇಂಗ್ಲಿಷ್ ಪುಸ್ತಕಗಳ ನಂಬರ್ 11ರಿಂದ ಶುರುವಾಗುತ್ತೆ, ಕೃಷ್ಣನ ಕಥೆಯಿಂದ. ಮೊದಲ ಹತ್ತು ಎಲ್ಲಿ ಹೋದ್ವು? ಅವು ಕನ್ನಡದಲ್ಲಿದ್ವು. 1965ರಲ್ಲಿ ಬೆಂಗಳೂರಿನ ಪುಸ್ತಕ ಮಾರಾಟಗಾರ ಜಿ.ಕೆ. ಅನಂತರಾಮ್ ಇಂಡಿಯಾ ಬುಕ್ ಹೌಸ್‌ನವರಿಗೆ ಐಡಿಯಾ ಕೊಟ್ಟು ಕನ್ನಡದಲ್ಲಿ ತರಿಸಿದ್ರು, ಚೆನ್ನಾಗಿ ಖರ್ಚಾದ್ವು, ಆಮೇಲೆ ಇಂಗ್ಲಿಷು. ಆ ಹತ್ತರಲ್ಲಿ ಇದ್ದಿದ್ದು ರಾಮ, ಕೃಷ್ಣರ ಕಥೆಗಳಲ್ಲ. ಸಿಂಡ್ರೆಲ್ಲಾ ಥರದ ಪರದೇಶದ ಕಥೆಗಳು, ಕನ್ನಡ ಮಾತಿನಲ್ಲಿ. ಅಂದ್ರೆ ಡಬ್ಬಿಂಗೇ! ಇಡೀ ದೇಶದ ಅತಿ ದೊಡ್ಡ ಕಾಮಿಕ್ಸ್ ಸರಣಿ ನಿಂತಿರೋದು ಕನ್ನಡದ ಹತ್ತು 'ಡಬ್ಬಿಂಗ್' ಪುಸ್ತಕದ ಮೇಲೆ.

(ಹೊಯ್ಸಳರ ಕಾಲದಲ್ಲೇ ಅರಳಗುಪ್ಪೆ ದೇವಸ್ಥಾನದ ಕಲ್ಲಲ್ಲಿ ಕಾಮಿಕ್ಸ್ ಇತ್ತು ಅಂತ ಕಾಮೆಂಟ್ ಹಾಕೋಕೆ ಬರ್ತಿರೋರು ದಯವಿಟ್ಟು ತಡೀರಿ. ದೇವಸ್ಥಾನ ಚೆನ್ನಾಗಿದೆ, ನೋಡ್ಕೊಂಡು ಬನ್ನಿ. ನಾನು ಮಾತಾಡ್ತಿರೋದು ಈಗಿನ ಮಾತು.)

5/8

ಈಗ ನಮ್ಮ ಕಡೆಯವರಿಗೆ ಸ್ವಲ್ಪ.

2022ರ 'ಅವತಾರ್: ದಿ ವೇ ಆಫ್ ವಾಟರ್' ಕನ್ನಡದಲ್ಲಿ ಬಂತು. 2023ರಲ್ಲಿ 'ಸ್ಪೈಡರ್‌ಮ್ಯಾನ್: ಅಕ್ರಾಸ್ ದಿ ಸ್ಪೈಡರ್‌ವರ್ಸ್' ಹತ್ತು ಭಾಷೆಯಲ್ಲಿ ಬಂದಾಗ ಕನ್ನಡವೂ ಇತ್ತು. 2025ರಲ್ಲಿ 'ಮಹಾವತಾರ್ ನರಸಿಂಹ' ಬಂತು, ಅದನ್ನ ಕೊಟ್ಟಿದ್ದೇ ಹೊಂಬಾಳೆಯವರು. ಹಾಗಾದ್ರೆ ದಾರಿ ತೆರೆದಿದೆ. ಆದ್ರೂ ಎಷ್ಟೋ ಕನ್ನಡ ಡಬ್ ಕೇಳುವಾಗ ಮೈ ಜುಂ ಅನ್ನಲ್ಲ, ಮೈ ಕಡಿಯುತ್ತೆ. ಇದನ್ನ ಮುಚ್ಚಿಡೋಕೆ ನಾನೇನು ಡಬ್ಬಿಂಗ್ ಕಂಪನಿ ಏಜೆಂಟಾ?

ಬಾಂಬ್ ಸಿಡಿದು ಗೆಳೆಯ ಬಿದ್ದಿರ್ತಾನೆ, ಹೀರೋ ಓಡಿ ಬಂದು, "ನೀನು ಸರಿಯಾಗಿದ್ದೀಯಾ?" ಅಂತಾನೆ. ಇವನೇನು ಮಂಚದ ಕಾಲಾ ಸರಿಯಾಗಿರೋಕೆ? ನಮ್ಮಲ್ಲಾದ್ರೆ "ಏನೂ ಆಗ್ಲಿಲ್ವಾ ಮಗ?" ಅಂತೀವಿ. "ನಾನು ಇದನ್ನು ನಂಬಲಾರೆ" ಅಂತೆ. ಯಾರಪ್ಪ ಹಾಗೆ ಮಾತಾಡ್ತಾರೆ? "ಹೋಗ್ಲಾ, ಬುಡಬ್ಯಾಡ" ಅನ್ನು, ಮುಗೀತು. "ಇದನ್ನು ಮಾಡೋಣ ಹುಡುಗರೇ" ಅನ್ನೋ ಜಾಗದಲ್ಲಿ "ಬರ್ರಲಾ, ನೋಡೇಬಿಡಾನ" ಅಂದ್ರೆ ಥಿಯೇಟರಲ್ಲಿ ಶಿಳ್ಳೆ ಬೀಳುತ್ತೆ. ಇಂಗ್ಲಿಷ್ ವಾಕ್ಯವನ್ನ ಪದಕ್ಕೆ ಪದ ಇಟ್ಟು, ಮೇಲೆ ಪಠ್ಯಪುಸ್ತಕದ ಪಾಲಿಶ್ ಹಾಕಿ, ತುಟಿ ಅಲ್ಲಾಡೋದು ನಿಲ್ಲೋ ಮುಂಚೆ ಗಡಿಬಿಡೀಲಿ ಹೇಳಿ ಮುಗಿಸ್ತಾರೆ. ಕ್ರಿಂಜ್ ಇರೋದು ಅಲ್ಲಿ. ಅದು ಕನ್ನಡದ ಗುಣ ಅಲ್ಲ, ಬರೆಯೋರ ಸೋಮಾರಿತನ. ತಮಿಳರೂ ತೆಲುಗರೂ ಎಷ್ಟೋ ವರ್ಷದಿಂದ ಮಾಡಿ ಮಾಡಿ ಕೈ ಕುದುರಿಸಿಕೊಂಡ್ರು. ನಾವು ಐವತ್ತು ವರ್ಷ ಕೈ ಕಟ್ಟಿ ಕೂತಿದ್ವಿ, ಈಗ ಬರೆಯೋಕೆ ಕೂತ್ರೆ ಬೆರಳು ಹೊರಳಲ್ಲ.

ಇದಕ್ಕೆ ಸಾಕ್ಷಿ ನಿಮ್ಮ ಮೊಬೈಲಲ್ಲೇ ಇದೆ. ಉತ್ತರ ಕರ್ನಾಟಕದ ಹುಡುಗರು ಇಂಗ್ಲಿಷ್ ಸಿನಿಮಾ ತುಣುಕಿಗೆ ತಮ್ಮ ಭಾಷೆ ಹಾಕಿ ಬಿಡ್ತಾರಲ್ಲ, ಅದನ್ನ ನಂಗೆ ಫಾರ್ವರ್ಡ್ ಮಾಡೋರು ಯಾರು? ಇದೇ ನೀವೇ. ಅಲ್ಲಿ ಹೀರೋ 'ಹೋಗಲೇ, ಯಾಕ್ಲೇ' ಅಂದ್ರೆ ಬಿದ್ದು ಬಿದ್ದು ನಗ್ತೀರ. ಆ ಹುಡುಗರಿಗೆ ಸ್ಟುಡಿಯೋ ಇಲ್ಲ, ದುಡ್ಡಿಲ್ಲ. ಕಿವಿ ಇದೆ.

6/8

ನಮ್ಮ ಕಡೆಯ ಒಂದು ಕಾಲೇಜ್ ಫೆಸ್ಟಿಗೆ (ಹೆಸರು ಬೇಡ) ನಾವು ಐದು ಜನ ಸ್ಕಿಟ್ ರೆಡಿ ಮಾಡಿದ್ವಿ. ಅವೆಂಜರ್ಸ್ ಮೂಡಲಪಾಯ. ಐರನ್‌ಮ್ಯಾನ್‌ಗೆ ಕಿರೀಟ, ಭುಜಕೀರ್ತಿ, ಹಿಂದೆ ಭಾಗವತರು. ಸೆಲೆಕ್ಷನ್‌ನಲ್ಲಿ ಕೂತಿದ್ದವರು, "ಚೆನ್ನಾಗಿದೆ, ಆದ್ರೆ ಸ್ವಲ್ಪ ಸ್ಟ್ಯಾಂಡರ್ಡ್ ಇರಲಿ, ಡೈಲಾಗ್ ಇಂಗ್ಲಿಷ್ ಮಾಡ್ಕೊಂಡು ಬನ್ನಿ" ಅಂದ್ರು. ಇಂಗ್ಲಿಷಲ್ಲಿ ಮೂಡಲಪಾಯ! ನಾವು ಆಡಲಿಲ್ಲ.

ಸ್ಟ್ಯಾಂಡರ್ಡ್ ಅಂದ್ರೆ ಏನು ಅಂತ ನಮ್ಮ ಮೂರು ತಾಲ್ಲೂಕಲ್ಲಿ ಕೇಳ್ಬೇಕಾ? 'ಭಾರತೀಯ ಕಾವ್ಯಮೀಮಾಂಸೆ' ಬರೆದ ತೀನಂಶ್ರೀ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. ಎಂಎ ಕನ್ನಡ ಓದೋರು ಇವತ್ತಿಗೂ ಅದನ್ನ ಹಿಡ್ಕೊಂಡು ಕೂರ್ತಾರೆ. ಆ ಕಾವ್ಯಮೀಮಾಂಸೆಯ ಲೆಕ್ಕದಲ್ಲಿ ಹಾಸ್ಯವೂ ಒಂದು ರಸ, ವೀರ, ಕರುಣದ ಪಕ್ಕದಲ್ಲೇ ಅದರ ಕುರ್ಚಿ.

ಇನ್ನು ತಿಪಟೂರು. ಟಿ.ಆರ್. ನರಸಿಂಹರಾಜು ಅಂದ್ರೆ ಗೊತ್ತು, ಹಾಸ್ಯ ಚಕ್ರವರ್ತಿ. ಆ 'ಟಿ' ಏನು ಅಂತ ನಮ್ಮ ಕ್ಲಾಸಲ್ಲಿ ಕೇಳಿ, ಎಷ್ಟು ಜನಕ್ಕೆ ಗೊತ್ತಿದೆ ನೋಡೋಣ. ತಿಪಟೂರು! 1923ರಲ್ಲಿ ಇಲ್ಲೇ ಹುಟ್ಟಿ, ಸಣ್ಣ ವಯಸ್ಸಲ್ಲೇ ನಾಟಕ ಕಂಪನಿ ಸೇರಿ, 1954ರಲ್ಲಿ 'ಬೇಡರ ಕಣ್ಣಪ್ಪ'ದಿಂದ ಸಿನಿಮಾಕ್ಕೆ ಬಂದವರು. 1965ರ 'ಸತ್ಯ ಹರಿಶ್ಚಂದ್ರ' ಹಾಕ್ಕೊಂಡು ನೋಡಿ. ರಾಜ್‌ಕುಮಾರ್ ಹರಿಶ್ಚಂದ್ರ, ದೊಡ್ಡ ದೊಡ್ಡ ಮಾತು, ಸತ್ಯ, ಧರ್ಮ, ರಾಜ್ಯತ್ಯಾಗ. ಬೆನ್ನ ಹಿಂದೆ ಸಾಲ ವಸೂಲಿಗೆ ಬಂದ ನಕ್ಷತ್ರಿಕನಾಗಿ ನರಸಿಂಹರಾಜು. ಹರಿಶ್ಚಂದ್ರ ಎಷ್ಟು ಎತ್ತರಕ್ಕೆ ಹೋದ್ರೆ ಇವರು ಅಷ್ಟು ಕೆಳಕ್ಕೆ ಎಳೀತಾರೆ. ಹಾಗಂತ ಹರಿಶ್ಚಂದ್ರನ ಗೌರವ ಹೋಯ್ತಾ? ಇಲ್ಲ, ಅವನ ಕಷ್ಟ ಇನ್ನೂ ಚುಚ್ಚುತ್ತೆ.

ಬಯಲಾಟದಲ್ಲೂ ಇದೇ. ರಾಜ ಗ್ರಾಂಥಿಕ ಮಾತಾಡ್ತಾನೆ, ಕೋಡಂಗಿ ಊರ ಮಾತಲ್ಲಿ ಅವನ ಕಾಲೆಳೀತಾನೆ. ಈಗಿನ ರಾಜ ಯಾರು? ಕೇಪ್ ಹಾಕ್ಕೊಂಡು ಬ್ರಹ್ಮಾಂಡ ಉಳಿಸ್ತೀನಿ ಅನ್ನೋನು. ಸ್ಪೇಸ್‌ಶಿಪ್ ಕ್ಯಾಪ್ಟನ್. ಆರು ಕಲ್ಲು ಜೋಡಿಸ್ಕೊಂಡು ಚಿಟಿಕೆ ಹೊಡೆಯೋ ನೇರಳೆ ಮೂತಿಯ ದೊಡ್ಡಪ್ಪ. ಇವರ ಪಕ್ಕದಲ್ಲಿ ನಮ್ಮ ಕೋಡಂಗಿಯನ್ನ ನಿಲ್ಲಿಸೋಕೆ ಯಾರ ಪರ್ಮಿಷನ್ ಬೇಕು? ಯಾವ ಭಾಷೆಗೆ ಒಂದನ್ನ ಅಣಕ ಮಾಡೋಕೆ ಬರುತ್ತೋ, ಆ ಭಾಷೆಗೆ ಅದು ಸ್ವಂತ ಆಗುತ್ತೆ. ಅಣಕ ಮಾಡೋಕೆ ಹೆದರಿದ್ರೆ ಅದು ಯಾವಾಗಲೂ ಬಾಡಿಗೆ ಮನೆನೇ, ಮೊಳೆ ಹೊಡೆಯೋಕೂ ಓನರ್‌ನ ಕೇಳ್ಬೇಕು.

7/8

ಹೊರಗೆ ಹೆಂಗೆ ಮಾಡಿದ್ದಾರೆ ನೋಡಿ. 'ಗಿಂಟಾಮಾ' ನೋಡಿರೋರಿಗೆ ಹೇಳೋದೇ ಬೇಡ. ಸಮುರಾಯ್ ಕಾಲದ ಎಡೋ ಊರಿಗೆ ಏಲಿಯನ್‌ಗಳು ಬಂದು ಕೂತಿದ್ದಾರೆ, ಹೀರೋ ಮನೆ ಬಾಡಿಗೆ ಕಟ್ಟೋಕಾಗದೆ ಓಡಾಡ್ತಾನೆ. ಪೂರ್ತಿ ಜಪಾನಿ ಜೋಕು, ಪೂರ್ತಿ ಜಪಾನಿ ಊರು. 'ಒನ್ ಪಂಚ್ ಮ್ಯಾನ್' ಇನ್ನೂ ಮಜಾ. 2009ರಲ್ಲಿ 'ಒನ್' ಅನ್ನೋ ಹೆಸರಿಟ್ಕೊಂಡ ಹುಡುಗ ಕೆಟ್ಟಾ ಕೊಳಕಾಗಿ ಚಿತ್ರ ಬರೆದು ವೆಬ್‌ನಲ್ಲಿ ಹಾಕ್ತಿದ್ದ. ಒಂದೇ ಗುದ್ದಿಗೆ ಎಲ್ಲರನ್ನೂ ಮುಗಿಸಿ ಬೋರ್ ಹೊಡ್ಕೊಂಡು ಕೂತ ಬೋಳುತಲೆ ಸೂಪರ್‌ಹೀರೋ. ಸೂಪರ್‌ಹೀರೋ ಕಥೆಗಳ ಮೇಲೇ ಜೋಕು. 2012ರಲ್ಲಿ ಮುರಾಟ ಅದನ್ನ ಚಂದ ಮಾಡಿ ಮತ್ತೆ ಬರೆದ್ರು, 2015ಕ್ಕೆ ಅನಿಮೆ ಆಯ್ತು. ನನ್ನ ಡ್ರಾಯಿಂಗ್ ಕೆಟ್ಟದಾಗಿದೆ ಅಂತ ಕಾಮೆಂಟ್ ಹಾಕಿದ ಮೂವರು ಈ ಪ್ಯಾರಾ ಎರಡು ಸಲ ಓದಿ.

ಪಕ್ಕದ ಕೇರಳ? ಅವರದ್ದೂ ತೆಂಗಿನ ನಾಡೇ. 2021ರಲ್ಲಿ 'ಮಿನ್ನಲ್ ಮುರಳಿ' ಮಾಡಿದ್ರು. ಸಿಡಿಲು ಹೊಡೆದ ಹಳ್ಳಿ ಟೈಲರ್ ಸೂಪರ್‌ಹೀರೋ ಆಗ್ತಾನೆ. ಟೈಲರ್ ಆದ್ರಿಂದ ಕಾಸ್ಟ್ಯೂಮ್ ಖರ್ಚೂ ಉಳೀತು.

ನಮ್ಮಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಉಪ್ಪಿ ಸರ್ 2010ರ 'ಸೂಪರ್'ನಲ್ಲಿ 2030ರ ಬೆಂಗಳೂರು ತೋರಿಸಿ, ಫಾರಿನ್ನವರು ಇಲ್ಲಿ ಕೆಲಸಕ್ಕೆ ಬರೋ ಹಂಗೆ ಉಲ್ಟಾ ಹೊಡೆದ್ರು. ಶುದ್ಧ ಸೈ-ಫೈ ಅಣಕ, ಅದೂ ಲೋಕಲ್ ಮಾತಲ್ಲಿ. ಅವತ್ತು ಕ್ರಿಂಜ್ ಅನ್ನಲಿಲ್ಲ, ಶಿಳ್ಳೆ ಹೊಡೆದ್ವಿ. 2024ರಲ್ಲಿ 'ಬ್ಲಿಂಕ್' ಬಂತು, ಟೈಮ್ ಟ್ರಾವೆಲ್ಲು, ಸಣ್ಣ ಬಜೆಟ್ಟು, ಕನ್ನಡದಲ್ಲೇ ಅರ್ಥ ಆಯ್ತಲ್ಲ?

ನಂಗೆ ಹೊಟ್ಟೆ ಉರಿಯೋದು ಪುಣ್ಯಕೋಟಿ ವಿಷಯಕ್ಕೆ. ಗೋವಿನ ಹಾಡು ಗೊತ್ತಿಲ್ಲದ ಕನ್ನಡದ ಮಗು ಇದೆಯಾ? ಬೆಂಗಳೂರಿನ ರವಿಶಂಕರ್ ಅನ್ನೋರು ಜನರಿಂದ ದುಡ್ಡು ಸೇರಿಸಿ, ಇಳಯರಾಜಾ ಸಂಗೀತ ಹಾಕಿಸಿ, ವರ್ಷಗಟ್ಟಲೆ ಕಷ್ಟಪಟ್ಟು ಅದರ ಅನಿಮೇಷನ್ ಸಿನಿಮಾ ಮಾಡಿದ್ರು. 2020ರಲ್ಲಿ ಬಂತು. ಭಾಷೆ ಸಂಸ್ಕೃತ. ಅವರ ಆಸೆ, ಅವರ ಶ್ರಮ, ಅದಕ್ಕೆ ಕೈ ಮುಗೀತೀನಿ. ಸಿಟ್ಟು ಅವರ ಮೇಲಲ್ಲ. ಕನ್ನಡದ ಹಸು ಸಂಸ್ಕೃತದಲ್ಲಿ ಅಂಬಾ ಅಂದಾಗ, ಅರೆ ನಮ್ಮದು ಎಲ್ಲಿ ಅಂತ ಕೇಳಬೇಕು ಅಂತಲೂ ಅನ್ನಿಸಲಿಲ್ಲವಲ್ಲ ನಮಗೆ, ಆ ಸಿಟ್ಟು.

8/8

ಈಗ ಕೆಲಸದ ಮಾತು.

ಒಂದು, ಮನೇಲಿ ಚಿಕ್ಕವರಿದ್ರೆ ಇವತ್ತೇ ಅವರ ಕಾರ್ಟೂನಿನ ಆಡಿಯೋ ಸೆಟ್ಟಿಂಗ್ಸ್ ತೆಗೆದು ಕನ್ನಡ ಇದ್ರೆ ಹಾಕಿಕೊಡಿ. ಎರಡು ನಿಮಿಷ. ಎಷ್ಟು ಜನ ಕನ್ನಡ ಒತ್ತಿದ್ರು ಅನ್ನೋದು ಆ ಕಂಪನಿಗಳಿಗೆ ಕಾಣುತ್ತೆ, ನಮ್ಮ ಭಾಷಣ ಕಾಣಲ್ಲ. ಅತ್ತೆ ಮನೇಲಿ ನಾನು ಹಾಕಿಕೊಟ್ಟು ಬಂದೆ. ಮೊದಲ ದಿನ ಹುಡುಗ "ಬ್ಯಾಡ, ಇದು ಬೇರೆ ಥರ ಐತೆ" ಅಂತ ಅತ್ತ. ಮೂರನೇ ದಿನ ಅವರಮ್ಮ ಅಡುಗೆಮನೆಯಿಂದ ಬಂದು ಪಕ್ಕದಲ್ಲಿ ಕೂತ್ರಂತೆ.

ಆಮೇಲೆ, ಕೆಟ್ಟ ಡಬ್ಬಿಂಗ್ ಕಂಡ್ರೆ ಬೈಯಿರಿ. ಆದ್ರೆ 'ಕನ್ನಡದಲ್ಲಿ ಚೆನ್ನಾಗಿರಲ್ಲ' ಅನ್ನಬೇಡಿ, 'ಈ ಸಾಲು ಹಿಂಗೆ ಬರೀಬೇಕಿತ್ತು' ಅಂತ ಬರೆದು ತೋರಿಸಿ. ನನ್ನ ಕಾಮೆಂಟ್ ಬಾಕ್ಸಲ್ಲೇ ಬರೀರಿ, ಜಾಗ ಇದೆ.

ಇನ್ನು ಸ್ಕಿಟ್. ಅದನ್ನ ಸ್ಟ್ರಿಪ್ ಮಾಡ್ತಿದೀನಿ, ಆರಾರು ಚೌಕದ್ದು, ಶನಿವಾರಕ್ಕೊಂದು. ಕಥೆ ಇಷ್ಟು: ಬ್ರಹ್ಮಾಂಡ ಗೆಲ್ಲೋಕೆ ಹೊರಟ ನೌಕೆ ಗರಿಗೆ ಸಿಕ್ಕಿ ಚಿಕ್ಕನಾಯಕನಹಳ್ಳಿ ಕಡೆ ಒಂದು ತೋಟದಲ್ಲಿ ಬೀಳುತ್ತೆ. ರಿಪೇರಿಗೆ ದುಡ್ಡು ಬೇಕು. ಕ್ಯಾಪ್ಟನ್ ತನ್ನ ಲೇಸರ್ ಕತ್ತಿ ಹಿಡ್ಕೊಂಡು ಕೊಬ್ಬರಿ ಸುಲಿಯೋ ಕೂಲಿಗೆ ಸೇರ್ತಾನೆ, ಮೊದಲ ದಿನವೇ ಕೊಬ್ಬರಿ ಸುಟ್ಟು ಬೈಸ್ಕೊಳ್ತಾನೆ. ಬಿಲ್ಲು ಮಾತ್ರ ರೇಟು ಏರಲಿ ಅಂತ ಸಾಹುಕಾರ್ರು ಅಟ್ಟದಲ್ಲೇ ಇಟ್ಟಿದ್ದಾರೆ.

ಕ್ಯಾಪ್ಟನ್ ಡೈಲಾಗೆಲ್ಲ ಗ್ರಾಂಥಿಕ, ಅದು ನಾನು ಬರೀತೀನಿ. ಕೋಡಂಗಿಗೆ ಮಾತು ಬರೆಯೋಕೆ ಇಬ್ಬರು ಬೇಕು, ತುರುವೇಕೆರೆ ಕಡೆ ಮಾತು ಚೆನ್ನಾಗಿ ಬರೋರು ಮೆಸೇಜ್ ಮಾಡಿ. ಹೆಸರೂ ಬೇಕು. 'ಥ್ಯಾನೋಸಣ್ಣ' ಬೇಡ, ಆಗಲೇ ಏಳು ಜನ ಅದನ್ನೇ ಹೇಳಿದ್ದಾರೆ.

#ಡಿಂಗ #ನರಸಿಂಹರಾಜು #ತಿಪಟೂರು #ತುರುವೇಕೆರೆ #ಚಿಕ್ಕನಾಯಕನಹಳ್ಳಿ #ಕನ್ನಡಕಾಮಿಕ್ಸ್ #ಯಾವಪಾರ್ಟೀವ್ನುಬೇಕಣ್ಣ